ವೆಂದೆಲ್ ಭಾವನ ಬಾಗಿಲು

ನನ್ನ ಭಾವ ವೆಂದೆಲ್ ಹನ್ನೊಂದು ವರ್ಷ ಐಸ್ ಹಾಕಿ ಆಡಿ ಸಂಬಳ ತೆಗೆದುಕೊಂಡವನು. ಆಡಿ ಅಂದೆನಲ್ಲ, ಆ ಒಂದು ಮಾತಿಗೆ ನಮ್ಮ ಹೂತಾ ಊರಿನಲ್ಲಿ ಈಗಲೂ ಜನ ನಗುತ್ತಾರೆ. ನಗಲಿ. ಅವರವರ ಮನೆಯ ಗಂಡಸರು ಏನೇನು ಆಡಿದರು ಎಂಬುದು ನನಗೂ ಗೊತ್ತಿದೆ.

ಅವನು ನಮ್ಮ ತಂಡದ ಎರಡನೆಯ ಗೋಲ್‌ಕೀಪರ್. ಮೊದಲನೆಯವನು ಆಲೊಯ್ಜ್ ಬ್ರೆಜಿನಾ. ಆಲೊಯ್ಜ್‌ಗೆ ಜ್ವರ ಬರುತ್ತಿರಲಿಲ್ಲ, ಕಾಲು ಉಳುಕುತ್ತಿರಲಿಲ್ಲ, ಎಷ್ಟು ಕುಡಿದರೂ ಮಾರನೆಯ ದಿನ ತಲೆ ನೋಯುತ್ತಿರಲಿಲ್ಲ. ಹಾಗಾಗಿ ವೆಂದೆಲ್ ಪ್ರತಿ ಪಂದ್ಯಕ್ಕೂ ಕಾಲಿಗೆ ದಿಂಬಿನಷ್ಟು ದಪ್ಪ ಪ್ಯಾಡ್ ಕಟ್ಟಿ, ಎದೆಗೆ ಕವಚ ಹಾಕಿ, ಮುಖವಾಡವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಅಲ್ಲಿ ಅವನಿಗಿದ್ದ ಕೆಲಸ ಒಂದೇ. ಬೆಂಚಿನ ಬಾಗಿಲು ತೆಗೆಯುವುದು, ಹಾಕುವುದು. ಎಲ್ಲ ಊರುಗಳಲ್ಲೂ ಎರಡನೆಯ ಗೋಲ್‌ಕೀಪರಿನ ಪಾಲಿಗೆ ಬರುವ ಕೆಲಸವೇ ಅದು.

ಕೇಳಲು ಸಣ್ಣ ಕೆಲಸ. ಆದರೆ ನಮ್ಮ ಆಟದಲ್ಲಿ ಆಟಗಾರರು ಬದಲಾಗಲಿ ಎಂದು ಆಟ ನಿಲ್ಲುವುದಿಲ್ಲ. ಐಸಿನ ಮೇಲೆ ಒಂದು ನಿಮಿಷ ಪ್ರಾಣ ಬಿಟ್ಟು ಓಡಿದವನಿಗೆ ಉಸಿರು ಕಟ್ಟುತ್ತದೆ. ಆಟದ ರಬ್ಬರ್ ಬಿಲ್ಲೆ ಅತ್ತ ಇತ್ತ ಹಾರಾಡುತ್ತಿರುವಾಗಲೇ ಅವನು ಒಳಗೆ ಬರಬೇಕು, ಇನ್ನೊಬ್ಬ ಹೊರಗೆ ಹೋಗಬೇಕು. ಹೊರಗೆ ಹೋಗುವವನು ಹಲಗೆ ಗೋಡೆ ಹಾರಿ ಹೋಗುತ್ತಾನೆ. ಸುಸ್ತಾಗಿ ಬರುವವನಿಗೆ ಬಾಗಿಲೇ ಬೇಕು. ಬರುವಾಗಲೂ ಅವನ ಕುತ್ತಿಗೆ ಆಟದ ಕಡೆಗೇ ತಿರುಗಿರುತ್ತದೆ, ಕಾಲು ಮಾತ್ರ ಬಾಗಿಲಿನ ಕಡೆ ಜಾರಿಕೊಂಡು ಬರುತ್ತದೆ. ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನಮ್ಮ ಹುಡುಗರು ಒಂದು ದಿನವೂ ನೋಡಿದವರಲ್ಲ. ನೋಡಬೇಕಾಗಿ ಬಂದಿರಲಿಲ್ಲ.

ನನ್ನ ಚಹಾ ಅಂಗಡಿ ಆ ಬೆಂಚಿನ ನೇರ ಹಿಂದೆ. ರಮ್ ಬೆರೆಸಿದ ಚಹಾ, ಸಾಸಿವೆ ಹಚ್ಚಿದ ಸಾಸೇಜು, ಹಂದಿ ಕೊಬ್ಬು ಸವರಿ ಈರುಳ್ಳಿ ಹಾಕಿದ ಬ್ರೆಡ್ಡು. ಪಂದ್ಯಕ್ಕೆ ಮೊದಲು ಭಾವ ಬಂದು ಒಂದು ಚಮಚ ಕೊಬ್ಬು ಕೇಳುತ್ತಿದ್ದ, ಬಾಗಿಲಿನ ಚಿಲಕ ಚಳಿಗೆ ಹೆಪ್ಪುಗಟ್ಟಿ ಹಿಡಿದುಕೊಳ್ಳದಿರಲಿ ಎಂದು ಸವರಲು.

"ತಿನ್ನೋ ಪದಾರ್ಥ ಭಾವ ಇದು," ಎಂದು ನಾನು ಬೈಯುತ್ತಿದ್ದೆ.

"ಚಿಲಕಕ್ಕೂ ಹಸಿವಾಗುತ್ತೆ ಎತೆಲಾ," ಎನ್ನುತ್ತಿದ್ದ. ಕೊಡುತ್ತಿದ್ದೆ. ಏನು ಮಾಡುವುದು, ಅಕ್ಕನ ಗಂಡ.

ಅಕ್ಕ ಅಗ್ನೆಶಾ ಎದುರಿನ ಸಾಲಿನಲ್ಲಿ ಕೂರುತ್ತಿರಲಿಲ್ಲ. ಅಲ್ಲಿಂದ ಗಂಡನ ಮುಖ ಕಾಣುತ್ತಿತ್ತು, ಆದರೆ ಅವನು ಸುಮ್ಮನೆ ಕೂತಿರುವುದೂ ಕಾಣುತ್ತಿತ್ತು. ಹಾಗಾಗಿ ಬೆಂಚಿನ ಹಿಂದೆ, ನನ್ನ ಅಂಗಡಿಯ ಪಕ್ಕ ಕೂತು ಅವನ ಬೆನ್ನು ನೋಡುತ್ತಾ ಕಾಲುಚೀಲ ಹೆಣೆಯುತ್ತಿದ್ದಳು. ಊರಿನ ಅರ್ಧ ಜನರ ಕಾಲಲ್ಲಿ ಅವಳು ಹೆಣೆದ ಕಾಲುಚೀಲಗಳಿವೆ. ಗೋಲು ಬಿದ್ದಾಗ ತಲೆ ಎತ್ತುತ್ತಿದ್ದಳು, ಮತ್ತೆ ಇಳಿಸುತ್ತಿದ್ದಳು.

ಅಷ್ಟು ವರ್ಷಗಳಲ್ಲಿ ವೆಂದೆಲ್ ಗೋಲಿನಲ್ಲಿ ನಿಂತದ್ದು ಒಂದೇ ಸಲ. ಆಲೊಯ್ಜ್‌ನ ಸ್ಕೇಟಿನ ಪಟ್ಟಿ ಹರಿದು, ಅದನ್ನು ಹೊಲಿದು ತರುವವರೆಗೆ. ಆ ಹೊತ್ತಿನಲ್ಲಿ ಆಟ ಪೂರ್ತಿ ಎದುರಾಳಿಗಳ ಕಡೆಯೇ ನಡೆಯಿತು. ಒಂದು ಬಿಲ್ಲೆಯೂ ಇವನ ಹತ್ತಿರ ಸುಳಿಯಲಿಲ್ಲ. ಪಟ್ಟಿ ಹೊಲಿದಾಯಿತು, ಇವನು ಬಂದು ಬಾಗಿಲ ಬಳಿ ಕೂತ. ಅಂದು ಅಕ್ಕ ಹಲ್ಲು ಕೀಳಿಸಲು ಹೋಗಿದ್ದಳು. ಹಣೆಬರಹ ಅಂದರೆ ಅದು.

ನಾವು ಚಾಂಪಿಯನ್ ಆದ ಕಥೆಯನ್ನು ನಮ್ಮೂರಿನಲ್ಲಿ ಅಂಬೆಗಾಲಿಡುವ ಮಗುವೂ ಹೇಳುತ್ತದೆ. ಜಾಲೆಸ್ಯೆ ಊರಿನ ಮೇಲೆ ಫೈನಲ್. ನಾವು ಒಂದು ಗೋಲು ಮುಂದೆ. ಕೊನೆಯ ಗಳಿಗೆಯಲ್ಲಿ ಅವರ ಕೊರ್ನೆಲ್ ಒಬ್ಬನೇ ಬಿಲ್ಲೆ ಹಿಡಿದು ಬಂದ. ಎಡಕ್ಕೆ ಬಾಗಿದ ಹಾಗೆ ಮಾಡಿ ಬಲಕ್ಕೆ ಹೊಡೆದ. ಆಲೊಯ್ಜ್ ಕಾಲು ಚಾಚಿ ತಡೆದ. ಬಸ್ ನಿಲ್ದಾಣದ ಗೋಡೆಯ ಮೇಲೆ ಆ ಕಾಲಿನ ಚಿತ್ರ ಈಗಲೂ ಇದೆ. ಆಲೊಯ್ಜ್‌ನ ಅಂಗಿಯನ್ನು ಕ್ರೀಡಾಂಗಣದ ಮಾಡಿಗೆ ತೂಗುಹಾಕಿದ್ದಾರೆ, ಅವನ ನಂಬರನ್ನು ಇನ್ನು ಯಾರೂ ಹಾಕಿಕೊಳ್ಳುವಂತಿಲ್ಲ.

ಆಟ ಬಿಟ್ಟ ಮೇಲೆ ವೆಂದೆಲ್‌ಗೆ ಸಿಕ್ಕಿದ್ದು ಕಬ್ಬಿಣದ ಕಾರ್ಖಾನೆಯ ಗೇಟು ಕಾಯುವ ಕೆಲಸ. ಊರವರಿಗೆ ಅಷ್ಟು ಸಾಕಾಯಿತು. ಬಾಗಿಲಣ್ಣನಿಗೆ ಬಡ್ತಿ ಸಿಕ್ಕಿದೆ, ಸಣ್ಣ ಬಾಗಿಲಿನಿಂದ ದೊಡ್ಡ ಬಾಗಿಲಿಗೆ ಹೋಗಿದ್ದಾನೆ ಎಂದರು. ಅವನೂ ನಗುತ್ತಿದ್ದ. ನಗುವವನನ್ನು ಎಷ್ಟು ಬೇಕಾದರೂ ಗೋಳುಹೊಯ್ದುಕೊಳ್ಳಬಹುದು ಎಂದು ಜನ ತಿಳಿದಿರುತ್ತಾರೆ.

ಒಂದೇ ಸಲ ಅವನು ನನ್ನೆದುರು ಮನಸ್ಸು ಬಿಚ್ಚಿದ್ದ. ಅಪ್ಪನ ತಿಥಿಯ ಊಟದ ದಿನ, ಪಾತ್ರೆ ಒರೆಸುತ್ತಾ.

"ಎತೆಲಾ, ಜನ ನಗ್ತಾರೆ ಅಂತ ನನಗೇನೂ ಬೇಜಾರಿಲ್ಲ. ಒಂದೇ ಒಂದು ವಿಷಯ ಕೊರೀತಾ ಇದೆ. ಅವತ್ತು ಆಲೊಯ್ಜ್ ಜಾಗದಲ್ಲಿ ನಾನಿದ್ದಿದ್ರೆ, ಕೊರ್ನೆಲ್ ಹೊಡ್ತ ತಡೀತಿದ್ನಾ, ಇಲ್ವಾ?"

"ತಡೀತಿದ್ದೆ ಬಿಡು ಭಾವ."

"ನೀನು ಹೇಳ್ಬೇಡ. ನೀನು ಸಾಸೇಜ್ ಮಾರೋಳು. ನನಗೆ ಗೊತ್ತಾಗ್ಬೇಕು."

ಇಷ್ಟೇ ಅವನ ಸಂಕಟ. ದೊಡ್ಡವನಾಗಬೇಕಿರಲಿಲ್ಲ, ತಿಳಿಯಬೇಕಿತ್ತು. ಇಷ್ಟು ವರ್ಷ ಗೋಲ್‌ಕೀಪರ್ ಎಂದು ಕರೆಸಿಕೊಂಡವನಿಗೆ ತಾನು ಗೋಲ್‌ಕೀಪರ್ ಹೌದೋ ಅಲ್ಲವೋ ಎಂದೇ ಗೊತ್ತಿರಲಿಲ್ಲ. ನಾನು ತಟ್ಟೆಗಳನ್ನು ಜೋರಾಗಿ ಸದ್ದು ಮಾಡುತ್ತಾ ಜೋಡಿಸಿದೆ.

ಚಾಂಪಿಯನ್ ಆಗಿ ಇಪ್ಪತ್ತೈದು ವರ್ಷ ತುಂಬಿದ ಚಳಿಗಾಲದಲ್ಲಿ ಬೋಹುಶ್ ಅಕ್ಕನ ಮನೆಗೆ ಬಂದ. ಅವನು ಆ ತಂಡದ ನಾಯಕನಾಗಿದ್ದವನು, ಈಗ ನಲ್ಲಿ ರಿಪೇರಿ ಮಾಡುತ್ತಾನೆ. ಭಾನುವಾರದ ಊಟಕ್ಕೆ ನಾನೂ ಇದ್ದೆ. ಕುರಿ ಚೀಸ್ ಹಾಕಿದ ಹಾಲುಶ್ಕಿ, ಅಂದರೆ ಆಲೂಗಡ್ಡೆ ಹಿಟ್ಟಿನ ಪುಟ್ಟ ಕಡುಬು, ಇತ್ತು. ಅವನು ಕೇಳದೆಯೇ ಒಂದು ತಟ್ಟೆ ಎಳೆದುಕೊಂಡ.

"ಜಾಲೆಸ್ಯೆಯೋರು ಒಪ್ಪಿದಾರೆ," ಎಂದ. "ಹಳೇ ತಂಡ, ಹಳೇ ತಂಡದ ಮೇಲೆ. ಕೊರ್ನೆಲ್ ಕೂಡ ಬರ್ತಾನೆ. ಆದ್ರೆ ಆಲೊಯ್ಜ್ ನಿಲ್ಲೋ ಹಾಗಿಲ್ಲ. ಎರಡೂ ಸೊಂಟದ ಕೀಲು ಬದ್ಲಾಯ್ಸಿದಾರೆ. ನೀನು ನಿಲ್ಬೇಕು ವೆಂದೆಲ್."

ಭಾವ ಚಮಚ ಕೆಳಗಿಟ್ಟ. "ಬಾಗಿಲಿಗೆ ಯಾರು?"

ಬೋಹುಶ್ ತುಂಬಿದ ಬಾಯಿಯಲ್ಲೇ ನಕ್ಕ. "ಬಾಗಿಲಿಗೆ ಆಲೊಯ್ಜ್ ಇರ್ತಾನೆ. ಬಾಗಿಲು ತೆಗಿಯೋದಕ್ಕೇನು ಮಾರಾಯ, ಕೈ ಇದ್ರೆ ಸಾಕು."

"ನಿನ್ನ ಎದೆ ಹೇಗಿದೆ?"

ಬೋಹುಶ್ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ವಸಂತದಲ್ಲಿ ಹೃದಯದ ಆಪರೇಷನ್ ಆಗಿತ್ತು. ಎದೆಯ ನಡುವೆ ಉದ್ದಕ್ಕೆ ಕೆಂಪು ಗೆರೆ. "ಒಳಗೆ ತಂತಿ ಹಾಕಿ ಕಟ್ಟಿದಾರೆ. ಡಾಕ್ಟ್ರು ಆಡ್ಬಹುದು ಅಂದ್ರು, ಆದ್ರೆ ಎಲ್ಲೂ ಗುದ್ದಿಸ್ಕೋಬೇಡ ಅಂತ. ನಮ್ಮಲ್ಲಿ ಗುದ್ದೋಕೆ ಯಾರಿಗಿದೆ ಶಕ್ತಿ."

"ನಾನು ಯೋಚ್ನೆ ಮಾಡಿ ಹೇಳ್ತೀನಿ," ಎಂದ ಭಾವ.

ಅಷ್ಟರಲ್ಲಿ ಅಕ್ಕ ಒಲೆಯ ಕಡೆಯಿಂದ ತಿರುಗಿದಳು. "ಯೋಚ್ನೆಯಂತೆ. ಹನ್ನೊಂದು ವರ್ಷ ನಿನ್ನ ಬೆನ್ನು ನೋಡಿದೀನಿ ನಾನು. ಆ ಅಂಗಿ ಬೆನ್ನಲ್ಲಿ ಎಷ್ಟು ಹೊಲಿಗೆ ಇದೆ ಅಂತ ಬಾಯಿಪಾಠ ಬರುತ್ತೆ. ನೀನು ನಿಲ್ತಿದೀಯ. ಬೋಹುಶ್, ಬರ್ಕೋ."

ಅಲ್ಲಿಂದ ಶುರುವಾಯಿತು. ದಿನಾ ಸಂಜೆ ಹಿತ್ತಲಿನಲ್ಲಿ ಅವನು ಹಳೆಯ ಪ್ಯಾಡ್ ಕಟ್ಟಿ ಕಟ್ಟಿಗೆ ಶೆಡ್ಡಿನ ಬಾಗಿಲ ಮುಂದೆ ನಿಲ್ಲುವುದು, ಅಕ್ಕ ಬುಟ್ಟಿಯಿಂದ ಆಲೂಗಡ್ಡೆ ಎಸೆಯುವುದು. ಅವಳು ಎಸೆಯುವ ರಭಸ ನೋಡಿದರೆ ಹನ್ನೊಂದು ವರ್ಷದ ಸಿಟ್ಟೆಲ್ಲ ಅದರಲ್ಲಿತ್ತು. ಪಕ್ಕದ ಮನೆಯವರು ಬೇಲಿಯ ಮೇಲೆ ಮೊಣಕೈ ಊರಿ ನೋಡಿದರು. ಭಾವ ಬಹಳಷ್ಟು ತಡೆದ. ತಡೆದ ಆಲೂಗಡ್ಡೆಗಳನ್ನು ರಾತ್ರಿ ಸೂಪಿಗೆ ಹಾಕಿದರು.

ಪಂದ್ಯದ ಭಾನುವಾರ ಮಧ್ಯಾಹ್ನ ಕ್ರೀಡಾಂಗಣ ತುಂಬಿಹೋಗಿತ್ತು. ನನ್ನ ಚಹಾದ ಹಂಡೆ ಒಲೆಯಿಂದ ಇಳಿಯಲೇ ಇಲ್ಲ. ಆಲೊಯ್ಜ್ ಕೋಲು ಊರಿಕೊಂಡು ಬಂದ, ತಲೆಗೆ ಎಣ್ಣೆ ಹಾಕಿ ಬಾಚಿದ್ದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ಬಾಗಿಲ ಬಳಿ ಭಾವ ಕೂರುತ್ತಿದ್ದ ಜಾಗದಲ್ಲಿ ಕೂತು ಎರಡೂ ಕೈ ಬೀಸಿದ. ಕೆಟ್ಟವನಲ್ಲ ಆಲೊಯ್ಜ್. ಇಪ್ಪತ್ತೈದು ವರ್ಷದಿಂದ ಎಲ್ಲರೂ ತನ್ನನ್ನೇ ನೋಡಿದ್ದಾರೆ, ಅದರಿಂದ ತಾನು ನೋಡಬೇಕಾದದ್ದೂ ಇದೆ ಎಂದು ಅವನಿಗೆ ಮರೆತುಹೋಗಿದೆ, ಅಷ್ಟೆ.

ಭಾವ ನನ್ನ ಅಂಗಡಿಗೆ ಬಂದು ಅಭ್ಯಾಸದಂತೆ ಚಮಚ ಚಾಚಿದ.

"ಇವತ್ತು ನಿನಗ್ಯಾಕೆ?" ಎಂದೆ.

"ಆಲೊಯ್ಜ್‌ಗೆ ಗೊತ್ತಾಗಲ್ಲ," ಎಂದು ಕೊಬ್ಬು ತೆಗೆದುಕೊಂಡು ಹೋಗಿ ಚಿಲಕಕ್ಕೆ ಸವರಿದ. ಆಮೇಲೆ ಐಸಿನ ಮೇಲೆ ಇಳಿದ. ಅಕ್ಕ ಹೆಣಿಗೆಯ ಚೀಲವನ್ನು ಬೆಂಚಿನ ಕೆಳಗೆ ತಳ್ಳಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೈಗೆ ಕೆಲಸವಿಲ್ಲದೆ ಅವಳು ಕೂತದ್ದನ್ನು ನಾನು ಚರ್ಚಿನಲ್ಲಿ ಮಾತ್ರ ಕಂಡಿದ್ದೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನನಗೊಂದು ವಿಷಯ ಕಂಡಿತು. ನಮ್ಮವರು ಗೋಲು ಹೊಡೆಯಲು ಮುಂದೆ ಹೋಗುತ್ತಲೇ ಇರಲಿಲ್ಲ. ಐದೂ ಜನ ಭಾವನ ಸುತ್ತ ಕೋಳಿಮರಿ ಕಾಯುವ ಹಾಗೆ ನಿಂತಿದ್ದರು. ಬಿಲ್ಲೆ ಬಂದರೆ ತಮ್ಮ ಮೊಣಕಾಲಿಗೆ, ತೊಡೆಗೆ, ಹೊಟ್ಟೆಗೆ ಕೊಟ್ಟುಕೊಂಡು ಬೀಳುತ್ತಿದ್ದರು. ಭಾವನವರೆಗೆ ಒಂದು ಹೊಡೆತವೂ ಬರದ ಹಾಗೆ ನೋಡಿಕೊಳ್ಳಬೇಕು, ಅವನ ಮರ್ಯಾದೆ ಉಳಿಸಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದರು. ಬೋಹುಶ್‌ನ ಯೋಚನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಒಳ್ಳೆಯ ಮನಸ್ಸಿನವರು ಮಾಡುವಷ್ಟು ಅವಮಾನ ಬೇರೆ ಯಾರೂ ಮಾಡಲಾರರು ಎಂದು ನನಗೆ ಮೈಯೆಲ್ಲ ಉರಿಯಿತು.

ಭಾವನಿಗೂ ತಿಳಿಯಿತು. ಮುಖವಾಡದ ಒಳಗಿನಿಂದ ಅವನು ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು. "ಏನ್ರೋ, ನಾನೇನು ಮದುಮಗಳಾ? ಸರೀರೋ ಆ ಕಡೆ. ಬೋಹುಶ್, ನಿನ್ನ ಮುಖ ನೀಲಿಯಾಗಿದೆ, ಹೋಗಿ ಕೂತ್ಕೋ. ನನಗೆ ಏನೂ ಕಾಣಿಸ್ತಿಲ್ಲ."

ಅಷ್ಟು ಹೊತ್ತು ಬಿಲ್ಲೆಗೆ ಅಡ್ಡ ಬಿದ್ದು ಬಿದ್ದು ಬೋಹುಶ್‌ಗೆ ನಿಜವಾಗಿಯೂ ಉಸಿರು ಕಟ್ಟಿತ್ತು. ಅವನು ಬೆಂಚಿನ ಕಡೆ ಹೊರಟ. ಮೊದಲಾದರೆ ಹಲಗೆ ಗೋಡೆ ಹಾರುವವರೂ ಇದ್ದರು, ಈಗ ಆ ವಯಸ್ಸಿನಲ್ಲಿ ಹೋಗುವವರಿಗೂ ಬರುವವರಿಗೂ ಬಾಗಿಲೇ ಗತಿ. ಬೋಹುಶ್ ದೊಡ್ಡ ಆಳು, ಜಾರುವ ವೇಗ ಇನ್ನೂ ಹಳೆಯದೇ. ಕುತ್ತಿಗೆ ಹಿಂದಕ್ಕೆ, ಕಣ್ಣು ಆಟದ ಮೇಲೆ. ಇಪ್ಪತ್ತೈದು ವರ್ಷದ ಹಿಂದೆ ಹೇಗೆ ಬರುತ್ತಿದ್ದನೋ ಹಾಗೆಯೇ ಬಂದ.

ಬಾಗಿಲು ಹಾಕಿತ್ತು. ಆಲೊಯ್ಜ್ ಐಸಿಗೆ ಬೆನ್ನು ಮಾಡಿ, ನನ್ನ ಅಂಗಡಿಯ ಮುಂದೆ ನಿಂತಿದ್ದ ಹೆಂಗಸೊಬ್ಬಳ ಟೋಪಿಯ ಮೇಲೆ ಸಹಿ ಹಾಕುತ್ತಿದ್ದ.

ಅದೇ ಕ್ಷಣದಲ್ಲಿ ಆ ತುದಿಯಲ್ಲಿ ಕೊರ್ನೆಲ್‌ಗೆ ಬಿಲ್ಲೆ ಸಿಕ್ಕಿತು. ಬೋಹುಶ್ ಬಿಟ್ಟುಹೋದ ಜಾಗದಲ್ಲಿ ಈಗ ಯಾರೂ ಇರಲಿಲ್ಲ. ಕೊರ್ನೆಲ್ ಒಬ್ಬನೇ, ಎದುರಿಗೆ ವೆಂದೆಲ್ ಒಬ್ಬನೇ. ಜನ ಎಲ್ಲ ಎದ್ದು ನಿಂತರು. ಅಕ್ಕನೂ ಎದ್ದಳು. ಭಾವ ಇಷ್ಟು ವರ್ಷ ಕಾದಿದ್ದ ಹೊಡೆತ ಅದು.

ಭಾವ ಮುಖವಾಡವನ್ನು ತಲೆಯ ಮೇಲಕ್ಕೆ ಎಳೆದು, ಕೊರ್ನೆಲ್‌ನನ್ನು ಬಿಟ್ಟು ನಮ್ಮ ಬೆಂಚಿನ ಕಡೆ ತಿರುಗಿದ.

"ಆಲೊಯ್ಜ್, ಬಾಗಿಲು!"

ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಆಲೊಯ್ಜ್ ಬೆಚ್ಚಿಬಿದ್ದು ತಿರುಗಿ ಚಿಲಕ ಎಳೆದ. ಕೊಬ್ಬು ಸವರಿದ ಚಿಲಕ, ತಟ್ಟನೆ ಬಿಟ್ಟುಕೊಂಡಿತು. ಬಾಗಿಲು ಒಳಕ್ಕೆ ತೆರೆಯುವುದಕ್ಕೂ ಬೋಹುಶ್ ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಅವನು ಆಲೊಯ್ಜ್‌ನ ಮೇಲೆ ಬಿದ್ದ, ಇಬ್ಬರೂ ಬೆಂಚಿನ ಮೇಲೆ ಬಿದ್ದರು. ಆ ಕಡೆ ಬಿಲ್ಲೆ ಭಾವನ ಪಕ್ಕದಿಂದ ಹಾದು ಬಲೆಗೆ ಬಿತ್ತು. ಅವನು ಅದನ್ನು ನೋಡಲೂ ಇಲ್ಲ.

ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ನಕ್ಕಿತು. ಜನ ಕೊರ್ನೆಲ್‌ನನ್ನು ನೋಡುತ್ತಿದ್ದರು, ಬಾಗಿಲನ್ನು ಯಾರು ನೋಡುತ್ತಾರೆ. ಅವರಿಗೆ ಕಂಡದ್ದು ಗೋಲು ಬೀಳುವಾಗ ಮುಖ ತಿರುಗಿಸಿಕೊಂಡ ಗೋಲ್‌ಕೀಪರ್.

"ಏ ಬಾಗಿಲಣ್ಣ, ಬಾಗಿಲು ಹಾಕೋದು ಮರೆತ್ಯಾ?"

"ಹೆದರ್ಕೊಂಡ ಕಣೋ, ಕಣ್ಣು ಮುಚ್ಕೊಂಡ!"

"ಆಲೂಗಡ್ಡೆ ಕೊಡ್ರೋ ಅವನಿಗೆ!"

ಅಕ್ಕ ಕೂತಳು. ಭಾವ ಮುಖವಾಡ ಇಳಿಸಿಕೊಂಡು ಬಲೆಯೊಳಗಿನ ಬಿಲ್ಲೆಯನ್ನು ಕೋಲಿನಿಂದ ಹೊರಕ್ಕೆ ತಳ್ಳಿದ. ಬಾಗಿಲಿನ ಮಾತು ಅವನು ಯಾರಿಗೂ ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು. ಸಾಯುವವರೆಗೂ ಆ ನಗುವನ್ನು ಹೊತ್ತುಕೊಂಡು ಕಾರ್ಖಾನೆಯ ಗೇಟಿನಲ್ಲಿ ಕೂರುವವನೇ ಅವನು.

ಬೋಹುಶ್ ಬೆಂಚಿನ ಮೇಲೆ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದ. "ಯಾಕೆ ನಗ್ತಿದಾರೆ? ಏನಾಯ್ತು ಎತೆಲಾ?"

ನನ್ನ ಕೈಯಲ್ಲಿ ಚಹಾದ ಸೌಟಿತ್ತು. ಅದನ್ನು ಅವನ ತಲೆಯ ಮೇಲೆ ಬಾರಿಸದೆ ಬಿಟ್ಟದ್ದು ಅವನ ಆಪರೇಷನ್ ನೆನಪಾಗಿ ಮಾತ್ರ.

"ನೀನು ಮುಚ್ಚಿದ ಬಾಗಿಲಿಗೆ ಎದೆ ಕೊಡೋಕೆ ಬರ್ತಿದ್ದೆ. ಈ ದೊಡ್ಡ ಮನುಷ್ಯ ಟೋಪಿ ಮೇಲೆ ಹೆಸ್ರು ಬರೀತಿದ್ದ. ಅಲ್ಲಿಂದ ನೋಡಿ ಕೂಗ್ದೋನು ನನ್ನ ಭಾವ. ಕೂಗಿದ್ದಕ್ಕೆ ಗೋಲು ಬಿತ್ತು. ಗೋಲು ಬಿದ್ದಿದ್ದಕ್ಕೆ ನಗ್ತಿದಾರೆ. ಇನ್ನೇನಾದ್ರೂ ತಿಳೀಬೇಕಾ?"

ಬೋಹುಶ್ ಬಾಗಿಲು ನೋಡಿದ. ಅದರ ಅಂಚಿಗೆ ಬಡಿದಿರುವ ಕಬ್ಬಿಣದ ಪಟ್ಟಿ ಸರಿಯಾಗಿ ಅವನ ಎದೆಯ ಎತ್ತರಕ್ಕಿತ್ತು. ಅವನು ಅಂಗಿಯ ಮೇಲಿಂದಲೇ ಆ ಗೆರೆಯನ್ನು ಮುಟ್ಟಿ ನೋಡಿಕೊಂಡ.

"ನಾನು ನೋಡ್ಲೇ ಇಲ್ಲ," ಎಂದ.

"ಯಾವತ್ತು ನೋಡಿದೀಯ?"

ಸಹಿ ಹಾಕುತ್ತಿದ್ದ ಪೆನ್ನು ಆಲೊಯ್ಜ್‌ನ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ನನ್ನ ಸಾಸಿವೆ ಡಬ್ಬಿಯ ಪಕ್ಕ ಇಟ್ಟ.

ಬೋಹುಶ್ ಮತ್ತೆ ಐಸಿಗೆ ಇಳಿದ. ಈ ಸಲ ಮೆಲ್ಲಗೆ. ನಡುಗೆರೆಯ ಹತ್ತಿರ ಕೊರ್ನೆಲ್ ನಿಂತಿದ್ದ. ತೆಳ್ಳನೆಯ ಉದ್ದ ಮನುಷ್ಯ, ಈಗ ಬಸ್ಸು ಓಡಿಸುತ್ತಾನೆ. ಇಬ್ಬರೂ ತಲೆ ತಗ್ಗಿಸಿ ಮಾತಾಡಿದರು. ಕೊರ್ನೆಲ್ ನಮ್ಮ ಬಾಗಿಲಿನ ಕಡೆ ಒಮ್ಮೆ ನೋಡಿದ, ಆಮೇಲೆ ತೀರ್ಪುಗಾರನನ್ನು ಕರೆದ. ನಮ್ಮ ಮಾಂಸದಂಗಡಿಯವನೇ ಆ ದಿನದ ತೀರ್ಪುಗಾರ.

"ಆ ಗೋಲು ಬೇಡ," ಎಂದ ಕೊರ್ನೆಲ್. ಅವನ ಗಂಟಲು ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದ್ದು. "ಯಾರೂ ಇಲ್ಲದ ಮನೆಗೆ ನುಗ್ಗಿದ ಹಾಗಾಯ್ತು. ಅವನು ನನ್ನ ನೋಡ್ತಿರ್ಲಿಲ್ಲ, ಬೋಹುಶ್‌ನ ಜೀವ ನೋಡ್ತಿದ್ದ. ಇನ್ನೊಂದ್ಸಲ ಹೊಡೀತೀನಿ. ನಾನು, ಅವನು. ಬೇರೆ ಯಾರೂ ಬೇಡ."

ಮಾತು ಸಾಲಿನಿಂದ ಸಾಲಿಗೆ ಹರಡಿತು. ಬಾಗಿಲು, ಎದೆ, ಆಪರೇಷನ್. ನಕ್ಕವರು ಪಕ್ಕದವರ ಮುಖ ನೋಡಿಕೊಂಡರು. ಆಲೂಗಡ್ಡೆ ಎಂದು ಕೂಗಿದವನು ಸಾಸೇಜು ತಿನ್ನುವುದರಲ್ಲಿ ಮುಳುಗಿದ.

ಬಿಲ್ಲೆಯನ್ನು ನಡುಗೆರೆಯಲ್ಲಿ ಇಟ್ಟರು. ಭಾವ ಗೋಲಿನಿಂದ ಹೊರಗೆ ಜಾರಿ ಕೊರ್ನೆಲ್‌ನ ಹತ್ತಿರ ಬಂದ. ಆ ಮೌನದಲ್ಲಿ ಅವರ ಮಾತು ಚೆನ್ನಾಗಿ ಕೇಳುತ್ತಿತ್ತು.

"ಕೊರ್ನೆಲ್, ಕರುಣೆ ತೋರ್ಸಿ ಮೆತ್ತಗೆ ಹೊಡೆದ್ರೆ ನಿನ್ನ ಕಾಲು ಮುರೀತೀನಿ."

"ಹೆಂಗೆ ಹೊಡೀಲಿ ಮತ್ತೆ?"

"ಫೈನಲ್‌ನಲ್ಲಿ ಹೊಡೆದ್ಯಲ್ಲ, ಹಾಗೆ. ಅದನ್ನೇ."

ಕೊರ್ನೆಲ್ ಬಿಲ್ಲೆಯನ್ನು ಕೋಲಿನ ತುದಿಗೆ ಸರಿಸಿಕೊಂಡ. "ಎಡಕ್ಕೆ ಬಾಗಿ ಬಲಕ್ಕೆ," ಎಂದ. "ಗೊತ್ತಿದ್ರೂ ತಡಿಯೋದು ಕಷ್ಟ ಕಣೋ."

"ಅದಕ್ಕೇ ಕೇಳ್ತಿರೋದು."

ಅಕ್ಕ ನನ್ನ ಮುಂಗೈ ಹಿಡಿದಳು. ಉಗುರು ಚುಚ್ಚುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ಕೊರ್ನೆಲ್ ಹೊರಟ. ಐವತ್ತು ದಾಟಿದ ಮೇಲೂ ಆ ಮನುಷ್ಯ ಎಷ್ಟು ಚೆನ್ನಾಗಿ ಜಾರುತ್ತಾನೆ. ಭಾವ ಎರಡು ಹೆಜ್ಜೆ ಮುಂದೆ ಬಂದು ಮೊಣಕಾಲು ಬಗ್ಗಿಸಿ ನಿಂತ. ಕೊರ್ನೆಲ್ ಎಡಕ್ಕೆ ಬಾಗಿದ. ಭಾವ ಮೋಸಹೋಗಲಿಲ್ಲ, ಕದಲದೆ ಕಾದ. ಕೊರ್ನೆಲ್ ಬಲಕ್ಕೆ ಹೊಡೆದ. ಭಾವ ಕಾಲು ಚಾಚಿದ, ಬಸ್ ನಿಲ್ದಾಣದ ಚಿತ್ರದಲ್ಲಿರುವ ಹಾಗೆಯೇ ಚಾಚಿದ. ಅಂಗೈಯಷ್ಟು ಅಂತರ ಉಳಿಯಿತು. ಬಿಲ್ಲೆ ಆ ಅಂತರದಲ್ಲಿ ಹೋಗಿ ಬಲೆಗೆ ಬಿತ್ತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ನಗಲಿಲ್ಲ. ನಮ್ಮವರಲ್ಲಿ ಒಬ್ಬಿಬ್ಬರು ಕೊರ್ನೆಲ್‌ಗೆ ಛೀ ಎಂದರು, ಬಿಟ್ಟುಕೊಡಬಾರದಿತ್ತಾ ಎಂದರು.

ಭಾವ ಐಸಿನ ಮೇಲೆ ಕಾಲು ಚಾಚಿ ಕೂತೇ ಇದ್ದ. ಆಮೇಲೆ ಮೆಲ್ಲಗೆ ಎದ್ದು ಬಿಲ್ಲೆಯನ್ನು ಬಲೆಯಿಂದ ಎತ್ತಿ ಕೈಗವಸಿನಲ್ಲಿ ಹಿಡಿದು ನೋಡಿದ. ಮುಖವಾಡ ತೆಗೆದ. ಅವನು ನಗುತ್ತಿದ್ದ. ಜನ ಕೀಟಲೆ ಮಾಡಿದಾಗ ನಗುತ್ತಿದ್ದ ಆ ನಗುವಲ್ಲ ಅದು. ಹಲ್ಲು ನೋವು ಬಿಟ್ಟುಹೋದವನ ಮುಖದಲ್ಲಿ ಬರುವಂಥದ್ದು.

"ಇಲ್ಲ," ಎಂದ ಅವನು, ಬೆಂಚಿನ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ. "ತಡೀತಿರ್ಲಿಲ್ಲ. ಆಲೊಯ್ಜ್, ಅವತ್ತು ನೀನೇ ಇದ್ದದ್ದು ಒಳ್ಳೇದಾಯ್ತು ಕಣೋ. ನಾನಿದ್ದಿದ್ರೆ ಸೋಲ್ತಿದ್ವಿ."

ಆಲೊಯ್ಜ್ ಕೋಲು ಊರಿ ಎದ್ದು ನಿಂತ. ಅವನ ಎಣ್ಣೆ ಹಾಕಿದ ಕೂದಲು ಬೋಹುಶ್ ಬಿದ್ದ ರಭಸಕ್ಕೆ ಕೆದರಿ ಹಣೆಗೆ ಬಂದಿತ್ತು. "ನಾನು ಅವತ್ತು ಬಾಗಿಲಲ್ಲಿ ಇದ್ದಿದ್ರೆ ಫೈನಲ್‌ಗೇ ಬರ್ತಿರ್ಲಿಲ್ಲ ವೆಂದೆಲ್," ಎಂದ. "ಅರ್ಧ ತಂಡ ಆಸ್ಪತ್ರೇಲಿ ಇರ್ತಿತ್ತು."

ಭಾವ ಕೊರ್ನೆಲ್‌ನ ಕೈ ಹಿಡಿದು ಮೇಲಕ್ಕೆತ್ತಿದ. ಆಗ ಚಪ್ಪಾಳೆ ಬಂತು. ನನಗೆ ಅಳು ಬಂದು ಯಾರದೋ ಚಹಾಕ್ಕೆ ಸಾಸಿವೆ ಹಾಕಿದೆ. ಅಕ್ಕ ಅಳಲಿಲ್ಲ. "ನೋಡಿದ್ಯಾ ಅವನ ಮುಖ," ಎಂದಳು, "ನೋಡಿದ್ಯಾ ಎತೆಲಾ," ಎಂದು ಮತ್ತೆ ಮತ್ತೆ ಅದನ್ನೇ ಹೇಳಿದಳು.

ಆಮೇಲೆ ನಮ್ಮವರು ಅವನ ಮುಂದೆ ಗೋಡೆ ಕಟ್ಟುವುದನ್ನು ಬಿಟ್ಟು ಆಟ ಆಡಿದರು. ಭಾವನಿಗೂ ಹೊಡೆತಗಳು ಬಂದವು. ಕೆಲವು ತಡೆದ, ಕೆಲವು ಬಿಟ್ಟ, ಲೋಕದ ಎಲ್ಲ ಗೋಲ್‌ಕೀಪರ್‌ಗಳ ಹಾಗೆ. ಒಂದನ್ನು ಕೈಗವಸಿನಲ್ಲಿ ಹಿಡಿದಾಗ ಅಕ್ಕ ಆಲೂಗಡ್ಡೆಯ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡವಳಂತೆ ತಲೆಯಾಡಿಸಿದಳು. ಆಲೊಯ್ಜ್ ಈಗ ಬಾಗಿಲಿಗೆ ಮುಖ ಮಾಡಿ, ಎರಡು ಕೈಯಲ್ಲೂ ಚಿಲಕ ಹಿಡಿದು ಕೂತಿದ್ದ. ಯಾರಾದರೂ ಟೋಪಿ ಚಾಚಿದರೆ ತಿರುಗಿ ನೋಡುತ್ತಿರಲಿಲ್ಲ.

ಕೊನೆಯ ಗಳಿಗೆ ಬಂತು. ನಾವು ಒಂದು ಗೋಲು ಹಿಂದಿದ್ದೆವು. ಅಂಥ ಹೊತ್ತಿನಲ್ಲಿ ನಮ್ಮ ಆಟದಲ್ಲಿ ಗೋಲನ್ನು ಬರಿದು ಬಿಟ್ಟು ಗೋಲ್‌ಕೀಪರನ್ನು ಒಳಗೆ ಕರೆಯುತ್ತಾರೆ, ಅವನ ಬದಲಿಗೆ ಹೊಡೆಯುವವನೊಬ್ಬ ಹೆಚ್ಚಿಗೆ ಹೋಗುತ್ತಾನೆ. ಬೋಹುಶ್ ಬೆಂಚಿನಿಂದ ಕೈ ಬೀಸಿದ. "ವೆಂದೆಲ್, ಬಾ!"

ಭಾವ ಗೋಲು ಬಿಟ್ಟು ಹೊರಟ. ಆ ಭಾರದ ಪ್ಯಾಡುಗಳಲ್ಲಿ, ಆ ವಯಸ್ಸಿನಲ್ಲಿ, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಬಂದ. ಬರುವಾಗ ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ ಕಣ್ಣನ್ನು ಆಟದ ಮೇಲಿಟ್ಟ. ಬಾಗಿಲಿನ ಕಡೆ ಒಮ್ಮೆಯೂ ನೋಡಲಿಲ್ಲ. ಹನ್ನೊಂದು ವರ್ಷ ಎಲ್ಲರೂ ಅವನನ್ನು ನಂಬಿಕೊಂಡು ಬಂದ ಹಾಗೆ ಅವನು ಆ ದಿನ ಬಂದ. ಆಲೊಯ್ಜ್ ಅವನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಅವನು ಚಿಲಕ ಎಳೆದ.

ಬಾಗಿಲು ತೆರೆದಿತ್ತು. ಭಾವ ನೇರ ಒಳಗೆ ಬಂದ, ಉಸಿರು ಬಿಡುತ್ತಾ ತನ್ನ ಹಳೆಯ ಜಾಗದಲ್ಲಿ ಕೂತ. ಆಲೊಯ್ಜ್‌ನ ಕೈಯ ಮೇಲೆ ಕೈಯಿಟ್ಟ.

"ಸರಿಯಾಗಿ ತೆಗ್ದೆ," ಎಂದ. "ಈಗ ಸರ್ಕೋ. ಬೋಹುಶ್‌ಗೆ ಮತ್ತೆ ಐಸಿಗೆ ಇಳಿಯೋ ಚಪಲ ಬಂದಿದೆ, ಅರ್ಧ ನಿಮಿಷಕ್ಕೆ ವಾಪಸ್ ಬರ್ತಾನೆ."

ಆಲೊಯ್ಜ್ ಸರಿದು ಕೂತ. ಮಾಡಿನಿಂದ ಅವನ ಅಂಗಿ ತೂಗುತ್ತಿತ್ತು, ಅದರ ಕೆಳಗೆ ಅವನು ಚಿಲಕ ಬಿಟ್ಟುಕೊಟ್ಟು ಕೈ ಉಜ್ಜಿಕೊಂಡ. ಬೋಹುಶ್ ಹೋದ, ಬಂದ, ನೋಡದೆಯೇ ಬಂದ. ಬಾಗಿಲು ತೆರೆದಿತ್ತು. ನಾವು ಒಂದು ಗೋಲಿನಿಂದ ಸೋತೆವು.

ನಾನು ಅಕ್ಕನ ಕಡೆ ತಿರುಗಿದೆ. ಅವಳ ಮುಂದೆ ಮತ್ತೆ ಅದೇ ಬೆನ್ನು.

"ನೋಡು," ಎಂದಳು ಅವಳು, ಬಗ್ಗಿ ಬೆಂಚಿನ ಕೆಳಗಿನಿಂದ ಚೀಲ ಎಳೆದುಕೊಂಡು, "ಮತ್ತೆ ಬೆನ್ನು ಹಾಕಿ ಕೂತ." ಸೂಜಿ ತೆಗೆದು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಹೆಣೆಯತೊಡಗಿದಳು.